ಮೋಟಾರಿನಿಂದ ಇಳಿದ ದಾರಿತೋರುಕ ಯಂತ್ರ

ವಿಜಯಪುರದಿಂದ ಹೊಸಪೇಟೆಯ ಕಡೆಗೆ ಸಾಗುವ ಹೆದ್ದಾರಿಯ ಮೇಲೆ, ನಿಡಗುಂದಿಯನ್ನು ಮುಟ್ಟುವ ಮೊದಲು, ಗೊಳಸಂಗಿ ಎಂಬ ಊರು ಹತ್ತುವದು. ಬಸವನ ಬಾಗೇವಾಡಿಯ ಸೀಮೆಗೆ ಸೇರಿದ ಈ ಊರಿನ ಸುತ್ತ ಎರೆಯ ನೆಲವುಂಟು. ಬೇಸಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತೆ ಗಟ್ಟಿಯಾಗುವ ಈ ಮಣ್ಣು ಎರಡು ಹದಮಳೆ ಬಿದ್ದರೆ ಸಾಕು, ಗಾಲಿಯನ್ನು ಹಿಡಿದು ನಿಲ್ಲಿಸಿಬಿಡುವದು. ಆಗ ಎಷ್ಟು ಬೆಲೆಯ ಮೋಟಾರಾದರೂ ಡಾಂಬರು ರಸ್ತೆಯ ಅಂಚಿನಲ್ಲಿಯೇ ನಿಲ್ಲಬೇಕು. ಒಳಗೆ ಕುಳಿತವರು ಇಳಿದು, ಕೆರವು ಕೈಯಲ್ಲಿ ಹಿಡಿದು ನಡೆಯಬೇಕು. ಎರೆಯ ಭೂಮಿಯ ಮುಂದೆ ಶ್ರೀಮಂತನೂ ಪಾದಚಾರಿಯೇ, ಬಡವನೂ ಪಾದಚಾರಿಯೇ.

ಹೀಗೆ ಇಳಿಯುವ ಪ್ರಸಂಗವು ಈಚೆಗೆ ನಮಗೂ ಬಂದಿತು. ಗೊಳಸಂಗಿಯ ಆಸುಪಾಸಿನ ಹೊಲವೊಂದರಲ್ಲಿ ವಸ್ತಿ ಮಾಡಿಕೊಂಡಿರುವ ಸ್ನೇಹಿತರೊಬ್ಬರನ್ನು, ಅವರ ಕಾಯಿಲೆಯ ವರ್ತಮಾನ ತಿಳಿದು, ನೋಡಿಬರಲು ಹೋಗಿದ್ದೆವು. ಮೋಟಾರಿನ ಮುಂಗಾಜಿಗೆ ಅಂಟಿಸಿದ್ದ ದಾರಿ ತೋರುವ ಜಿ.ಪಿ.ಎಸ್. ಯಂತ್ರವು ಊರಿನವರೆಗೆ ನಮ್ಮನ್ನು ಚೆನ್ನಾಗಿಯೇ ಕರೆತಂದಿತು. ಕೆಸರಿನಿಂದಾಗಿ ಮುಂದೆ ಮೋಟಾರು ಹೋಗುವಂತಿರಲಿಲ್ಲ. ಅಲ್ಲಿಯವರೆಗೆ ದಾರಿ ತೋರಿದ ಯಂತ್ರವು ಇನ್ನೂ ಸ್ವಲ್ಪ ದಾರಿಯನ್ನು ತೋರಲಾರದೇ ಎಂದುಕೊಂಡು ಅದನ್ನು ಗಾಜಿನಿಂದ ಬಿಡಿಸಿ ಅಂಗೈಯಲ್ಲಿ ಹಿಡಿದು ನಡೆದೆವು. ಆ ನಡಿಗೆಯಲ್ಲಿ ಕಲಿತ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುವದು ಉಚಿತವೆಂದು ತೋರುತ್ತದೆ. ಮೊಬೈಲು ಬಂದ ಮೇಲೆ ಇಂಥ ಯಂತ್ರಗಳು ಅನೇಕರ ಮೇಜಿನ ಖಾನೆಗಳಲ್ಲಿ ಧೂಳು ತಿನ್ನುತ್ತ ಬಿದ್ದಿವೆ. ಅವು ಇನ್ನೂ ಉಪಯೋಗಕ್ಕೆ ಬರುವವೋ ಇಲ್ಲವೋ ಎಂಬುದು ಸಣ್ಣ ಪ್ರಶ್ನೆ. ಆದರೆ ಅದರ ಬೆನ್ನಿಗೆ ನಮ್ಮ ಹಳ್ಳಿಗಳ ಜೀವನಕ್ಕೆ ಸಂಬಂಧಿಸಿದ ಒಂದು ದೊಡ್ಡ ಪ್ರಶ್ನೆಯೂ ಇದೆ.

ಮೊದಲು ಯಂತ್ರದ ಕೆಲಸವು ಹೇಗೆ ನಡೆಯುತ್ತದೆಂಬುದನ್ನು ತಿಳಿಯೋಣ. ಅಮೇರಿಕೆಯ ಜಿ.ಪಿ.ಎಸ್. ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತಿವೆ. ಒಂದೊಂದರಲ್ಲಿಯೂ ಅಣುಗಡಿಯಾರಗಳಿದ್ದು, ಪ್ರತಿ ಕ್ಷಣವೂ ಅವು ತಮ್ಮ ವೇಳೆಯನ್ನು ಸಾರುತ್ತಿರುತ್ತವೆ. ಆ ಸಂಕೇತವು ಒಂದು ಸೆಕೆಂಡಿನ ಸುಮಾರು ಹದಿನೈದನೆಯ ಒಂದು ಭಾಗದಷ್ಟು ಸಮಯದಲ್ಲಿ ನಮ್ಮನ್ನು ಮುಟ್ಟುವದು. ಎಷ್ಟು ತಡವಾಗಿ ಮುಟ್ಟಿತೆಂಬುದರ ಮೇಲಿಂದ ಯಂತ್ರವು ದೂರವನ್ನು ಅಳೆಯುವದು. ನಾಲ್ಕು ಉಪಗ್ರಹಗಳು ಕೇಳಬಂದರೆ ತಾನು ನಿಂತ ಸ್ಥಳವನ್ನು ಗೊತ್ತುಪಡಿಸಿಕೊಳ್ಳುವದು. ಈ ಕಾರ್ಯಕ್ಕೆ ಮೋಟಾರಾಗಲಿ, ರಸ್ತೆಯಾಗಲಿ, ದೂರವಾಣಿಯ ಸಂಪರ್ಕವಾಗಲಿ ಬೇಕಿಲ್ಲ. ತೆರೆದ ಆಕಾಶವೊಂದಿದ್ದರೆ ಸಾಕು. ಕಾರಣ, ಮೋಟಾರಿನ ಹೊರಗೆ ಯಂತ್ರವು ನಡೆಯುವದೇ ಎಂಬ ಪ್ರಶ್ನೆಗೆ ನಡೆಯುವದೆಂದೇ ಉತ್ತರ. ಮೋಟಾರಿನ ತಗಡಿನ ಮಾಳಿಗೆಯ ಕೆಳಗಿಗಿಂತ ಎರೆಯ ಬಯಲಿನಲ್ಲಿ ಅದಕ್ಕೆ ಆಕಾಶವು ಹೆಚ್ಚು ಸ್ಪಷ್ಟವಾಗಿಯೇ ಕಾಣುವದು.

ಆದರೆ ನಡೆಯುವದೆಂದ ಮಾತ್ರಕ್ಕೆ ಸರಾಗವಾಗಿ ನಡೆಯುವದೆಂದು ತಿಳಿಯಬಾರದು. ಮೊದಲನೆಯದಾಗಿ ವಿದ್ಯುತ್ತಿನ ಅಡಚಣೆ. ಮೋಟಾರಿನ 12 ವೋಲ್ಟಿನ ಸಾಕೆಟ್ಟಿಗೆ ಸದಾ ಜೋಡಿಸಿಕೊಂಡಿರಲೆಂದೇ ಇವುಗಳನ್ನು ಮಾಡಿರುವದರಿಂದ ಒಳಗಿನ ಬ್ಯಾಟರಿಯು ಸಣ್ಣದು. ಹೊಸದಿದ್ದಾಗಲೇ ಕೆಲವು ತಾಸು ಮಾತ್ರ ಬಾಳುವದು, ಹಳೆಯದಾದರೆ ಒಂದು ತಾಸಿಗೇ ಕಣ್ಣು ಮುಚ್ಚಬಹುದು. ಮೊಬೈಲಿಗೆ ಜೋಡಿಸುವ ಪವರ್ ಬ್ಯಾಂಕು ಇವುಗಳಲ್ಲಿ ಹೆಚ್ಚಿನವಕ್ಕೆ ಆಗಿಬರುವದರಿಂದ ಅದನ್ನು ಕಿಸೆಯಲ್ಲಿಟ್ಟುಕೊಳ್ಳುವದು ಒಳಿತು. ಎರಡನೆಯದಾಗಿ, ಇವು ಮಳೆಯನ್ನು ತಡೆಯುವ ಯಂತ್ರಗಳಲ್ಲ. ತೆಳುವಾದ ಪ್ಲಾಸ್ಟಿಕ್ಕಿನ ಚೀಲದಲ್ಲಿ ಸುತ್ತಿ ಹಿಡಿದರೆ ಸಂಕೇತಕ್ಕೇನೂ ಬಾಧೆಯಿಲ್ಲ. ಮೂರನೆಯದಾಗಿ, ಮಧ್ಯಾಹ್ನದ ಬಿಸಿಲಿನಲ್ಲಿ ಪರದೆಯು ಕಾಣಿಸದು. ಬೆನ್ನು ಬಿಸಿಲಿಗೆ ಮಾಡಿ ತನ್ನ ನೆರಳಿನಲ್ಲಿಯೇ ಅದನ್ನು ನೋಡಬೇಕಾಗುವದು.

ಬಹುದಿನ ಖಾನೆಯಲ್ಲಿ ಬಿದ್ದ ಯಂತ್ರವನ್ನು ಹೊರಗೆ ತೆಗೆದವರು ಇನ್ನೊಂದನ್ನು ಅರಿತಿರಬೇಕು. ಯಾವ ಉಪಗ್ರಹವು ಎಲ್ಲಿರುವದೆಂಬ ಪಂಚಾಂಗವು ಅದರಲ್ಲಿ ಹಳೆಯದಾಗಿರುತ್ತದೆ. ಹೊಸ ಪಂಚಾಂಗವು ಆಕಾಶದಿಂದ ಪೂರ್ತಿಯಾಗಿ ಇಳಿಯಲು 12½ ನಿಮಿಷ ಬೇಕು. ಅಷ್ಟರಲ್ಲಿ ಯಂತ್ರವು ಕೆಟ್ಟಿತೆಂದು ಬಡಿಯುವವರೇ ಬಹಳ. ಬಯಲಿನಲ್ಲಿ ಒಂದು ಕಲ್ಲಿನ ಮೇಲೆ ಅದನ್ನಿಟ್ಟು ಅರ್ಧ ತಾಸು ಸುಮ್ಮನೆ ಕಾಯುವದೇ ಲೇಸು. ಅಲ್ಲದೆ ಜಿ.ಪಿ.ಎಸ್. ವ್ಯವಸ್ಥೆಯು ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಆರಂಭಿಸುವದು. ಇಂಥ ತಿರುವು 2019ರ ಏಪ್ರಿಲಿನಲ್ಲಿ ಬಂದಿತ್ತು. ಅದಕ್ಕೆ ಮುಂಚಿನ ಕೆಲವು ಯಂತ್ರಗಳು ತಾರೀಖನ್ನು ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ತೋರಿಸಬಹುದು.

ಇವೆಲ್ಲ ಸಣ್ಣ ತೊಡಕುಗಳು. ನಿಜವಾದ ತೊಡಕು ಯಂತ್ರದ ಮನೋಧರ್ಮದಲ್ಲಿದೆ. ತಾನು ಯಾವಾಗಲೂ ರಸ್ತೆಯ ಮೇಲೆಯೇ ಇರುವೆನೆಂಬುದು ಅದರ ದೃಢವಾದ ನಂಬುಗೆ. ಅಳತೆಯಲ್ಲಿ ಹತ್ತು ಹದಿನೈದು ಮೀಟರು ಹೆಚ್ಚು ಕಡಿಮೆ ಬಂದರೆ, ಮೋಟಾರು ಗಟಾರದಲ್ಲಿ ಓಡುವಂತೆ ಕಾಣಬಾರದೆಂದು, ಅದು ನಮ್ಮ ಗುರುತನ್ನು ಹತ್ತಿರದ ರಸ್ತೆಗೆ ಎಳೆದು ಕೂಡಿಸುವದು. ಮೋಟಾರಿನಲ್ಲಿ ಇದು ಗುಣವೇ ಸರಿ. ಕಾಲುನಡಿಗೆಯಲ್ಲಿ ಇದೇ ದೋಷವಾಗುವದು. ನಾವು ಕಡಲೆಯ ಹೊಲದ ಬದುವಿನ ಮೇಲೆ ನಡೆಯುತ್ತಿದ್ದರೆ ಯಂತ್ರವು ಮಗ್ಗುಲಲ್ಲಿದ್ದ ರಸ್ತೆಯ ಮೇಲೆ ನಮ್ಮನ್ನು ಇಟ್ಟು, ಮುಂದೆ ಬಲಕ್ಕೆ ತಿರುಗಿರೆಂದು ಗಂಭೀರವಾಗಿ ಅಪ್ಪಣೆ ಕೊಡಿಸುತ್ತಿತ್ತು. ಇನ್ನು ದಿಕ್ಕಿನ ಮಾತು. ಈ ಯಂತ್ರಗಳಲ್ಲಿ ಬಹಳಷ್ಟಕ್ಕೆ ದಿಕ್ಸೂಚಿಯಿಲ್ಲ. ಚಲನೆಯ ಮೇಲಿಂದಲೇ ಅವು ದಿಕ್ಕನ್ನು ಊಹಿಸುವವು. ನಾವು ನಿಂತೆವೆಂದರೆ ಬಾಣವು ಬಿರುಗಾಳಿಗೆ ಸಿಕ್ಕ ಎಲೆಯಂತೆ ಸುತ್ತತೊಡಗುವದು. ಹತ್ತು ಹೆಜ್ಜೆ ನೇರವಾಗಿ ನಡೆದು ನೋಡಿದರೆ ಮಾತ್ರ ಅದು ನೆಟ್ಟಗಾಗುವದು.

ಇದಕ್ಕೆ ಪರಿಹಾರವಿಲ್ಲದಿಲ್ಲ. ಕೆಲವು ಯಂತ್ರಗಳಲ್ಲಿ ಮೋಟಾರು, ಬೈಸಿಕಲ್ಲು, ಪಾದಚಾರಿ ಎಂದು ಆರಿಸುವ ಅನುಕೂಲವಿರುವದು. ಪಾದಚಾರಿ ಎಂದು ಆರಿಸಿದರೆ ಏಕಮುಖ ಸಂಚಾರದ ನಿರ್ಬಂಧವು ನಮ್ಮನ್ನು ಊರೆಲ್ಲ ಸುತ್ತಿಸದು. ಇನ್ನು ಕೆಲವುಗಳಲ್ಲಿ ರಸ್ತೆಯನ್ನು ಬಿಟ್ಟು ನೇರವಾದ ಗೆರೆಯನ್ನು ತೋರುವ ಕ್ರಮವುಂಟು. ಹೊಲಗಳಲ್ಲಿ ನಡೆಯುವವನಿಗೆ ಇದೇ ತಕ್ಕದ್ದು. ನಾವು ಅದನ್ನೇ ಹಿಡಿದೆವು. ವಸ್ತಿಯು ಅರ್ಧ ಮೈಲಿಗೂ ಕಡಿಮೆ ದೂರದಲ್ಲಿದೆಯೆಂದು ಯಂತ್ರವು ಹೇಳಿತು. ಸಂತೋಷದಿಂದ ನಡೆದೆವು, ನಡೆದು ನೀರಿನ ಕಾಲುವೆಯೊಂದರ ದಂಡೆಗೆ ಬಂದು ನಿಂತೆವು. ದಾಟಲು ಸೇತುವೆಯಿಲ್ಲ. ನೇರ ಗೆರೆಯು ಮಾತ್ರ ನೀರಿನ ಮೇಲಿಂದ ನಿಶ್ಚಿಂತೆಯಾಗಿ ಆಚೆಗೆ ಹೋಗಿತ್ತು.

ದಂಡೆಯಲ್ಲಿ ಆಡು ಮೇಯಿಸುತ್ತಿದ್ದ ವೃದ್ಧರೊಬ್ಬರು ನಮ್ಮನ್ನೂ ನಮ್ಮ ಅಂಗೈಯನ್ನೂ ನೋಡುತ್ತಿದ್ದರು. “ಅಜ್ಜಾರ, ಆಚಿ ವಸ್ತಿಗೆ ಹ್ಯಾಂಗ ಹೋಗಬೇಕ್ರಿ?” ಎಂದು ಕೇಳಿದೆವು. “ಮೊದಲ ಇಲ್ಲೇ ದಾರಿ ಇತ್ರಿ ಸಾಹೇಬ್ರ. ಕಾಲುವಿ ಬಂದ ಮ್ಯಾಲ ಕಡದು ಹೋತ್ರಿ. ಚಿಮಣಿ ಬೆನ್ನಿಗಿ ಮಾಡ್ಕೊಂಡು ಆ ಬೇವಿನ ಗಿಡದ ತನಕ ಹೋಗ್ರಿ, ಅಲ್ಲಿ ದಾಟಾಕ ಕಲ್ಲ ಹಾಸ್ಯಾರ” ಎಂದರು. ಅವರು ಹೇಳಿದ ಚಿಮಣಿಯೆಂದರೆ ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರದ್ದು. 800 ಮೆಗಾವಾಟಿನ ಮೂರು ಘಟಕಗಳುಳ್ಳ ಆ ಸ್ಥಾವರದ ಚಿಮಣಿಯು ಈ ಬಯಲುಸೀಮೆಯಲ್ಲಿ ಬಹು ದೂರದವರೆಗೆ ಕಾಣುವದು. ಅಜ್ಜನವರಿಗೆ ಅದೇ ದಿಕ್ಸೂಚಿ. ಅವರ ಮಾತಿನಂತೆ ನಡೆದು ಕಾಲು ತಾಸಿನಲ್ಲಿ ವಸ್ತಿಯನ್ನು ಮುಟ್ಟಿದೆವು.

ಇಷ್ಟನ್ನು ಕೇಳಿ ಯಂತ್ರಕ್ಕಿಂತ ಅಜ್ಜನವರೇ ಮೇಲು ಎಂದು ತೀರ್ಪು ಕೊಟ್ಟು ಮುಗಿಸುವದು ಸುಲಭ. ನಮ್ಮ ಅಭಿಪ್ರಾಯವು ಹಾಗಲ್ಲ. ವಸ್ತಿಯಲ್ಲಿ ನಮ್ಮ ಸ್ನೇಹಿತರು ಹೇಳಿದ ಸಂಗತಿಯೊಂದು ನಮ್ಮನ್ನು ವಿಚಾರಕ್ಕೆ ಹಚ್ಚಿತು. ಹಿಂದಿನ ಮಳೆಗಾಲದಲ್ಲಿ ಅವರ ಮನೆಯ ಹೆಣ್ಣುಮಗಳಿಗೆ ರಾತ್ರಿ ಪ್ರಸವವೇದನೆ ಆರಂಭವಾಯಿತಂತೆ. ಬಾಡಿಗೆಯ ಜೀಪನ್ನು ಕರೆಸಿದರು. ಅದರ ಚಾಲಕನು ಹೊರಗಿನವನು. ಅವನು ದೂರವಾಣಿಯಲ್ಲಿ “ಎಲ್ಲಿ ಬರಲಿ” ಎಂದು ಕೇಳಿದರೆ ಇವರು “ಬೇವಿನ ಗಿಡದ ಹತ್ತಿರ” ಎನ್ನಬೇಕು. ಕತ್ತಲೆಯಲ್ಲಿ ಅವನಿಗೆ ಬೇವಿನ ಗಿಡವಾವದು, ಜಾಲಿಯ ಗಿಡವಾವದು! ಅಜ್ಜನಂಥವರು ಆ ಹೊತ್ತಿನಲ್ಲಿ ದಂಡೆಯ ಮೇಲೆ ಇರುವದಿಲ್ಲ. ಮನೆಯ ಹುಡುಗನು ಬ್ಯಾಟರಿ ಹಿಡಿದು ಹೆದ್ದಾರಿಯವರೆಗೆ ಕೆಸರಿನಲ್ಲಿ ಓಡಿ ಜೀಪನ್ನು ಕರೆತಂದನು. ದೈವವು ಕೈಬಿಡಲಿಲ್ಲ, ತಾಯಿಯೂ ಕೂಸೂ ಉಳಿದರು. ಆದರೆ ಹೀಗೆ ಎಲ್ಲ ರಾತ್ರಿಗಳಲ್ಲಿಯೂ ದೈವವನ್ನೇ ನಂಬಿ ಕೂಡ್ರುವದು ಸರಿಯೇ?

ಯಂತ್ರವು ಸ್ಥಳವನ್ನು ಬಲ್ಲದು, ದಾರಿಯನ್ನು ಅರಿಯದು. ಊರಿನವರು ದಾರಿಯನ್ನು ಬಲ್ಲರು. ಆದರೆ ಸ್ಥಳವನ್ನು ದೂರದವನಿಗೆ ತಿಳಿಯುವಂತೆ ಹೇಳಲಾರರು. ಇವೆರಡನ್ನೂ ಜೋಡಿಸುವ ಕೆಲಸವು ಇನ್ನೂ ಆಗಬೇಕಾಗಿದೆ. ಮೋಟಾರಿನ ಯಂತ್ರಕ್ಕೆ ಕಾಲುದಾರಿ ತಿಳಿಯದಿರುವದು ವಿಜ್ಞಾನದ ಸೋಲಲ್ಲ. ಅದರೊಳಗಿನ ನಕಾಶೆಯನ್ನು ಮೋಟಾರುಳ್ಳವರಿಗಾಗಿ ಮಾಡಿದ್ದಾರೆ. ಮೋಟಾರು ಹೋಗದ ದಾರಿಯನ್ನು ಅದರಲ್ಲಿ ಬರೆಯುವ ಗರಜು ಯಾರಿಗೂ ಬಿದ್ದಿಲ್ಲ.

ಇದಕ್ಕಿಂತ ಹಳೆಯ ನಕಾಶೆಯೊಂದು ನಮ್ಮಲ್ಲಿದೆ. ಮುಂಬಯಿ ಇಲಾಖೆಯಲ್ಲಿ 1830ರ ದಶಕದಲ್ಲಿ ಇಂದಾಪುರದ ಕಡೆಗೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಆರಂಭಿಸಿದ ಮೋಜಣಿಯ ಪದ್ಧತಿಯು ಮುಂದೆ ನಮ್ಮ ಸೀಮೆಗೂ ಬಂದಿತು. ಅಳತೆಗಾರರು 33 ಅಡಿಯ ಸರಪಳಿಯನ್ನು ಹೊತ್ತು ಹೊಲದಿಂದ ಹೊಲಕ್ಕೆ ನಡೆದು ಅಳೆದರು. ಅವರ ಉದ್ದೇಶವು ಕಂದಾಯದ ವಸೂಲಿಯೇ ಆಗಿದ್ದಿತು, ಅದರಲ್ಲಿ ಸಂಶಯವಿಲ್ಲ. ಆದರೂ ಅವರು ನಡೆದವರಾದುದರಿಂದ ನಡೆಯುವ ದಾರಿಯನ್ನು ಬರೆದಿಟ್ಟರು. ಗ್ರಾಮ ನಕಾಶೆಯಲ್ಲಿ ಕಾಲುದಾರಿಗೆ ಒಂಟಿ ಚುಕ್ಕೆಗೆರೆ, ಬಂಡಿಯ ದಾರಿಗೆ ಜೋಡು ಚುಕ್ಕೆಗೆರೆ. ಇಂದಿಗೂ ಹೊಲಕ್ಕೆ ಹೋಗುವ ದಾರಿಯ ತಕರಾರು ಹುಟ್ಟಿದಾಗ ಜನರು “ಇದು ನಕಾಶೆಯ ದಾರಿ” ಎಂದು ವಾದಿಸುವದು ಆ ಚುಕ್ಕೆಗಳ ಬಲದ ಮೇಲೆಯೇ.

ಆದರೆ ಆ ನಕಾಶೆ ಬರೆದ ಮೇಲೆ ಈ ಭೂಮಿಯ ಮುಖವೇ ಬದಲಾಗಿ ಹೋಗಿದೆ. ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಮುಳುಗಿದವರಿಗಾಗಿ ಪುನರ್ವಸತಿ ಕೇಂದ್ರಗಳೆದ್ದವು. ಹಳೆಯ ಹೆಸರು, ಹೊಸ ಸ್ಥಳ. ಏತ ನೀರಾವರಿಯ ಕಾಲುವೆಗಳು ಬಂದವು, ಕೂಡಗಿಯ ಸ್ಥಾವರವೂ ಅದರ ರೈಲು ಹಳಿಯೂ ಬಂದವು, ಹೆದ್ದಾರಿಯು ಅಗಲವಾಯಿತು. ನೀರು ಬಂದಲ್ಲಿ ರೈತನು ಊರು ಬಿಟ್ಟು ಹೊಲದಲ್ಲಿಯೇ ಮನೆ ಮಾಡಿದನು. ಇವೆಲ್ಲ ಬೇಡವಾಗಿದ್ದವೆಂದು ನಾವು ಹೇಳುವದಿಲ್ಲ. ಆದರೆ ಒಂದೊಂದು ಕಾಮಗಾರಿಯೂ ಹತ್ತಾರು ಚುಕ್ಕೆಗೆರೆಗಳನ್ನು ಕಡಿದಿದೆ. ಕಡಿದುದನ್ನು ಯಾರೂ ನಕಾಶೆಯಲ್ಲಿ ತಿದ್ದಿಲ್ಲ.

ಇಲ್ಲಿಯೇ ಮೇಜಿನ ಖಾನೆಯಲ್ಲಿ ಬಿದ್ದ ಯಂತ್ರವು ಕೆಲಸಕ್ಕೆ ಬರುವದು. ಅದರಲ್ಲಿ ನಿಂತ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ತೋರುವ ಪುಟವೊಂದು ಇದ್ದೇ ಇರುವದು. ಸ್ಥಳವನ್ನು ಗುರುತು ಹಾಕಿ ಹೆಸರು ಕೊಟ್ಟಿಡುವ ಅನುಕೂಲವೂ ಉಂಟು. ನಡೆದ ದಾರಿಯ ಜಾಡನ್ನು ಉಳಿಸಿಡುವ ಶಕ್ತಿಯು ಕೆಲವಕ್ಕುಂಟು. ಅಂಗೈಯಲ್ಲಿ ಮೊಬೈಲಿರುವವನಿಗೆ ಈ ಯಂತ್ರವೂ ಬೇಕಿಲ್ಲ. ಕರ್ನಾಟಕ ಸರಕಾರದ ‘ದಿಶಾಂಕ’ ಎಂಬ ತಂತ್ರಾಂಶವು ನಿಂತ ಜಾಗದ ಸರ್ವೇ ನಂಬರನ್ನೇ ತೋರಿಸುವದು. ಆದರೆ ಮೊಬೈಲಿನ ಸಂಪರ್ಕ ಸಿಗದ ತಗ್ಗಿನಲ್ಲಿಯೂ, ನಕಾಶೆಯನ್ನು ತನ್ನ ಹೊಟ್ಟೆಯಲ್ಲಿಯೇ ಇಟ್ಟುಕೊಂಡ ಹಳೆಯ ಯಂತ್ರವು ಯಾರ ಹಂಗೂ ಇಲ್ಲದೆ ನಡೆಯುವದು.

ಅಂಕಿಗಳನ್ನು ಬರೆದುಕೊಳ್ಳುವಾಗ ಮಾತ್ರ ಎಚ್ಚರವಿರಲಿ. ಅಂಶದ ನಾಲ್ಕನೆಯ ದಶಾಂಶ ಸ್ಥಾನವು ನೆಲದ ಮೇಲೆ ಸುಮಾರು 11 ಮೀಟರಾಗುವದು. ನಮ್ಮ ಒಂದು ಗುಂಟೆಯ ಬದಿಯಾದರೂ 33 ಅಡಿ, ಎಂದರೆ 10 ಮೀಟರು. ಆದುದರಿಂದ ನಾಲ್ಕು ಸ್ಥಾನಗಳನ್ನು ಬರೆದರೆ ಒಂದು ಗುಂಟೆಯಷ್ಟು ಜಾಗವನ್ನು ಗುರುತಿಸಿದಂತೆ. ಒಂದು ಮನೆಯನ್ನು ಹುಡುಕಲು ಇಷ್ಟು ಸಾಕು. ಎರಡನೆಯ ಎಚ್ಚರ: 16 ಅಂಶ 30 ಕಲೆ ಎಂದರೆ ದಶಾಂಶದಲ್ಲಿ 16.5, ಅದನ್ನು 16.30 ಎಂದು ಒತ್ತಿದರೆ ಯಂತ್ರವು 22 ಕಿಲೋಮೀಟರು ದಕ್ಷಿಣಕ್ಕೆ, ಕೃಷ್ಣೆಯ ಕಡೆಗೆ ಕರೆದೊಯ್ಯುವದು! ಎಲ್ಲರೂ ಒಂದೇ ಪದ್ಧತಿಯಲ್ಲಿ, ದಶಾಂಶದಲ್ಲಿಯೇ, ಬರೆಯುವದು ಕ್ಷೇಮಕರ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಈ ಯಂತ್ರವನ್ನು ಹಿಡಿದು ಬದುವಿನ ಜಗಳಕ್ಕೆ ಯಾರೂ ಹೋಗಬಾರದು. ತೆರೆದ ಬಯಲಿನಲ್ಲಿಯೂ ಅದರ ಅಳತೆಯು 5 ಮೀಟರಿನಷ್ಟು ತಪ್ಪಬಹುದು. 100 ಮೀಟರು ಉದ್ದದ ಬದುವಿನ ಮೇಲೆ 5 ಮೀಟರಿನ ತಪ್ಪೆಂದರೆ ಹೆಚ್ಚು ಕಡಿಮೆ 5 ಗುಂಟೆ ಭೂಮಿ. ಐದು ಗುಂಟೆಗಾಗಿ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ನಾವೆಲ್ಲ ಕಂಡಿದ್ದೇವೆ. ಬಾಂದು ಕಲ್ಲನ್ನು ಗೊತ್ತುಪಡಿಸಲು ಸರಕಾರಿ ಭೂಮಾಪಕರಿದ್ದಾರೆ. ಭಾರತೀಯ ಸರ್ವೇಕ್ಷಣ ಇಲಾಖೆಯ ಸ್ಥಿರ ನಿಲ್ದಾಣಗಳ ಸಹಾಯದಿಂದ ಸೆಂಟಿಮೀಟರಿನ ಲೆಕ್ಕದಲ್ಲಿ ಅಳೆಯುವ ರೋವರ್ ಎಂಬ ಉಪಕರಣವೂ ಈಗ ಬಂದಿದೆ. ಮನೆಯನ್ನು ಹುಡುಕುವ ಯಂತ್ರವು ಬೇರೆ, ಹೊಲವನ್ನು ಅಳೆಯುವ ಯಂತ್ರವು ಬೇರೆ.

ನಮ್ಮ ಸೂಚನೆಯು ಇಷ್ಟೇ. ಪ್ರತಿಯೊಂದು ಗ್ರಾಮ ಪಂಚಾಯತಿಯು ತನ್ನ ಸೀಮೆಯೊಳಗಿನ ಹೊಲದ ವಸ್ತಿಗಳ ಯಾದಿಯನ್ನು ಮಾಡಲಿ. ಶಾಲೆಯ ಮೇಲಿನ ತರಗತಿಯ ಹುಡುಗರನ್ನು ಕೂಡಿಕೊಂಡು, ಒಂದು ಯಂತ್ರವನ್ನೋ ಮೊಬೈಲನ್ನೋ ಹಿಡಿದು, ವಸ್ತಿಯಿಂದ ವಸ್ತಿಗೆ ನಡೆದು ಅಂಕಿಗಳನ್ನು ಬರೆದುಕೊಳ್ಳಲಿ. ಆ ಅಂಕಿಗಳನ್ನು ಬಾಗಿಲಿನ ಮೇಲೆ ಬಣ್ಣದಿಂದ ಬರೆಯಿಸಲಿ. ಯಾದಿಯ ಒಂದೊಂದು ಪ್ರತಿಯನ್ನು ದವಾಖಾನೆಗೂ ಪೋಲೀಸು ಠಾಣೆಗೂ ಕೊಡಲಿ. ಆಗ ಆಪತ್ತಿನಲ್ಲಿ 108ಕ್ಕೆ ಕರೆ ಮಾಡಿದವನು ಬೇವಿನ ಗಿಡದ ವರ್ಣನೆ ಮಾಡುವ ಕಾರಣವಿಲ್ಲ. ಬಾಗಿಲಿನ ಮೇಲಿನ ಅಂಕಿಗಳನ್ನು ಓದಿದರಾಯಿತು. ವಸ್ತಿಯ ಅಂಕಿಗಳ ಜೊತೆಗೆ ಇನ್ನೆರಡನ್ನು ಬರೆಯುವದು ಅವಶ್ಯ. ಮಳೆಗಾಲದಲ್ಲಿ ಮೋಟಾರು ಎಲ್ಲಿಯವರೆಗೆ ಬರುವದೆಂಬುದು ಒಂದು. ಕಾಲುವೆಯನ್ನು ಎಲ್ಲಿ ದಾಟಬೇಕೆಂಬುದು ಇನ್ನೊಂದು. ಈ ಎರಡನ್ನು ಉಪಗ್ರಹವು ಹೇಳಲಾರದು. ಅಜ್ಜನವರನ್ನೇ ಕೇಳಬೇಕು, ಕೇಳಿ ಬರೆದಿಡಬೇಕು. ಖರ್ಚು ಅತ್ಯಲ್ಪ, ಬೇಕಾದುದು ನಾಲ್ಕು ದಿನದ ನಡಿಗೆ.

ಆಕಾಶದ ಕೆಲಸದಲ್ಲಿ ನಮ್ಮ ದೇಶವು ಹಿಂದೆ ಬಿದ್ದಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಪರರ ಗಡಿಯಾರವನ್ನು ನಂಬಿ ನಡೆಯುವದು ಎಂದಿಗೂ ಭದ್ರವಲ್ಲ. 2000ದ ಮೇ ತಿಂಗಳ ಆರಂಭದವರೆಗೆ ಅಮೇರಿಕೆಯು ಸಾಮಾನ್ಯ ಜನರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿ, ಸುಮಾರು 100 ಮೀಟರಿನ ತಪ್ಪು ಬರುವಂತೆ ಮಾಡಿ ಕೊಡುತ್ತಿದ್ದಿತು. ಭಾರತವು 2013ರಿಂದ 2016ರ ವರೆಗೆ ತನ್ನವೇ ಆದ ಏಳು ಉಪಗ್ರಹಗಳನ್ನು ಹಾರಿಸಿ ‘ನಾವಿಕ’ ವ್ಯವಸ್ಥೆಯನ್ನು ನಿಲ್ಲಿಸಿತು. ಅದರ ಮುಖ್ಯ ಕೇಂದ್ರವು ನಮ್ಮ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿರುವದು. ವಿದೇಶದಿಂದ ತಂದ ಅಣುಗಡಿಯಾರಗಳು ಕೆಲವು ಉಪಗ್ರಹಗಳಲ್ಲಿ ಕೆಟ್ಟು ಹೋದಾಗ ದೊಡ್ಡ ತೊಂದರೆಯಾಯಿತು. 2023ರ ಮೇ ತಿಂಗಳಲ್ಲಿ ಹಾರಿದ ಹೊಸ ಪೀಳಿಗೆಯ ಉಪಗ್ರಹದಲ್ಲಿ ಅಹಮದಾಬಾದಿನಲ್ಲಿ ನಮ್ಮವರೇ ಮಾಡಿದ ಗಡಿಯಾರವನ್ನು ಇಡಲಾಯಿತು. ಹಳೆಯ ಮೋಟಾರು ಯಂತ್ರಗಳಿಗೆ ನಾವಿಕನ ಸಂಕೇತವು ಕೇಳಿಸದು. ಹೊಸ ಮೊಬೈಲುಗಳಲ್ಲಿ ಹಲವಕ್ಕೆ ಕೇಳಿಸುವದು.

ಮೂವತ್ತಾರು ಸಾವಿರ ಕಿಲೋಮೀಟರು ಎತ್ತರದಲ್ಲಿ ಸ್ವದೇಶದ ಗಡಿಯಾರವನ್ನು ತೂಗಹಾಕಬಲ್ಲ ರಾಷ್ಟ್ರಕ್ಕೆ ಗೊಳಸಂಗಿಯ ಹೊಲದ ವಸ್ತಿಯೊಂದರ ಬಾಗಿಲಿನ ಮೇಲೆ ಎರಡು ಅಂಕಿಗಳನ್ನು ಬರೆಯುವದು ಕಠಿಣವಾಗಲಾರದು. ಕಠಿಣವಾಗಿರುವದೆಂದರೆ ಮೋಟಾರಿನಿಂದ ಇಳಿಯುವದೊಂದೇ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಕಂದಾಯಕ್ಕಾಗಿ ಪರಕೀಯ ಸರಕಾರವು ಸರಪಳಿ ಹೊತ್ತು ಈ ಎರೆಯಲ್ಲಿ ನಡೆಯಿತು. ಪ್ರಜೆಯ ಪ್ರಾಣಕ್ಕಾಗಿ ನಮ್ಮ ಪಂಚಾಯತಿಗಳೂ ಅಧಿಕಾರಿಗಳೂ ಅಂಗೈಯಷ್ಟು ಯಂತ್ರವನ್ನು ಹಿಡಿದು ನಾಲ್ಕು ದಿನ ನಡೆಯಲಾರರೇ? ಮುಂದಿನ ಮಳೆಗಾಲಕ್ಕಿಂತ ಮುಂಚೆ ಈ ಕೆಲಸವು ಒಂದೆರಡು ಗ್ರಾಮಗಳಲ್ಲಿಯಾದರೂ ಆರಂಭವಾಗುವದೆಂದು ಆಶಿಸುತ್ತೇವೆ.